ಕುಡಿತ ಬಿಟ್ಟವನಿಗೆ ಜೊತೆ ಯಾರು?

(ತಾಲ್ಲೂಕಿನ ರೈತ ಕಾರ್ಯಕರ್ತರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಬೆಳಗಿನಿಂದ ರಾಗಿ ಬೆಲೆ, ಕೊಬ್ಬರಿ ಬೆಲೆ, ಸೊಸೈಟಿ ಸಾಲ, ಸುಟ್ಟುಹೋದ ಟ್ರಾನ್ಸ್‌ಫಾರ್ಮರ್ ಎಲ್ಲ ಮಾತಾಡಿದ್ದಾಯಿತು. ನನಗೆ ಕೊಟ್ಟಿರುವ ವಿಷಯ ಕೇಳಿ ಕೆಲವರು ಆಗಲೇ ನಕ್ಕರು. "ಇದೇನಣ್ಣ, ಬೆಲೆ ಮಾತು ಬಿಟ್ಟು ಬ್ರಾಂಡಿ ಮಾತು ಹಿಡ್ಕಂಡ್ರಿ" ಅಂತ ಒಬ್ಬರು ಕೇಳಿಯೂ ಕೇಳಿದರು. ನಗಲಿ. ಆದರೆ ಕುಡಿತ ಬೆಲೆಗೂ ಸಾಲಕ್ಕೂ ಎಲ್ಲಿ ಗಂಟುಬಿದ್ದಿದೆ, ಬಿಟ್ಟವನು ಯಾಕೆ ಒಂಟಿಯಾಗುತ್ತಾನೆ, ಅವನ ಜೊತೆಗೆ ನಾವು ಏನು ಮಾಡಬೇಕು, ಇಷ್ಟನ್ನು ಹೇಳಿಯೇ ಕೂರುತ್ತೇನೆ.

ಮೊದಲು ಒಂದು ಮಾತು ಖಡಾಖಂಡಿತವಾಗಿ ಹೇಳಿಬಿಡುತ್ತೇನೆ. ರೈತ ಸಾಲಗಾರನಾದದ್ದು ಕುಡಿತದಿಂದ ಅಲ್ಲ. ಗೊಬ್ಬರದ ಬೆಲೆ ಅವರು ಕಟ್ಟುತ್ತಾರೆ, ಔಷಧಿ ಬೆಲೆ ಅವರು ಕಟ್ಟುತ್ತಾರೆ, ನಾವು ಬೆಳೆದದ್ದಕ್ಕೂ ಅವರೇ ಬೆಲೆ ಕಟ್ಟುತ್ತಾರೆ. ಸಾಲದ ಬೇರು ಅಲ್ಲಿದೆ. ಒಂದು ತೊಟ್ಟು ಮುಟ್ಟದ ರೈತನ ಪಹಣಿಯಲ್ಲೂ ಸಾಲ ಕೂತಿದೆ. ಆದರೆ ಸರ್ಕಾರಕ್ಕೆ ಕುಡಿತ ಅನ್ನುವುದು ಒಳ್ಳೆ ನೆಪ. ರಾಜ್ಯದಲ್ಲಿ ರೈತರ ಆತ್ಮಹತ್ಯೆ ಕುರಿತು ವಿಚಾರ ಮಾಡಲು ಕೂತ ಡಾ. ಜಿ.ಕೆ. ವೀರೇಶ್ ಸಮಿತಿ 2002ರಲ್ಲಿ ಕೊಟ್ಟ ವರದಿಯಲ್ಲಿ ಸಾಲವೊಂದೇ ಕಾರಣ ಅಲ್ಲ, ಕುಡಿತ, ಸಂಸಾರದ ಜಗಳ ಇವೂ ಕಾರಣ ಅಂತ ಬರೆಯಿತು. ಅಲ್ಲಿಂದೀಚೆಗೆ ಕೆಳಗಿನ ಅಧಿಕಾರಿಗಳಿಗೂ ಅದೇ ಬಾಯಿಪಾಠ. ನಮ್ಮ ಪಕ್ಕದೂರಿನಲ್ಲಿ ಮೂರೂವರೆ ಎಕರೆ ಹಿಡುವಳಿದಾರನೊಬ್ಬ ತೀರಿಕೊಂಡ. ಮೂರು ಬೋರು ಕೊರೆಸಿ ಮೂರೂ ಒಣಗಿದ್ದವು. ಮಹಜರು ಬರೆದವರು "ಮದ್ಯವ್ಯಸನಿ" ಅಂತ ಒಂದೇ ಪದ ಸೇರಿಸಿದರು. ಆ ಒಂದು ಪದ ಹಿಡಿದುಕೊಂಡು 5 ಲಕ್ಷ ರೂಪಾಯಿ ಪರಿಹಾರದ ಅರ್ಜಿ ತಿರಸ್ಕಾರ ಮಾಡಿದರು. ಅವನ ಹೆಂಡತಿ ಕಚೇರಿಗೆ ಅಲೆದು ಅಲೆದು ಚಪ್ಪಲಿ ಸವೆಸಿದಳು.

ಆ ಪದದ ವಿರುದ್ಧ ನಾವು ಧರಣಿ ಕೂತದ್ದು ಸರಿ. ಆದರೆ ಅದರ ಜೊತೆಗೇ ಇನ್ನೊಂದು ಪ್ರಶ್ನೆ ಕೇಳಿಕೊಳ್ಳಬೇಕು. ಅವನು ಕೊನೇ ಎರಡು ವರ್ಷ ಸಂಜೆ ಹೊತ್ತು ಯಾರ ಜೊತೆ ಕೂತಿದ್ದ? ಬಾರಿನ ಬೆಂಚಿನ ಮೇಲೆ ಕೂತಿದ್ದ. ಸಂಘದ ಜಗಲಿ ಮೇಲೆ ಕೂತಿರಲಿಲ್ಲ. ಕುಡಿತ ಅವನ ಸಾಲಕ್ಕೆ ಕಾರಣ ಅಲ್ಲ, ನಿಜ. ಆದರೆ ಸಾಲಗಾರನನ್ನು ಒಂಟಿ ಮಾಡಿದ್ದು ಕುಡಿತವೇ. ಒಂಟಿಯಾದ ರೈತನನ್ನು ಬ್ಯಾಂಕಿನವನೂ ಹೆದರಿಸುತ್ತಾನೆ, ಬಡ್ಡಿಯವನೂ ಹೆದರಿಸುತ್ತಾನೆ.

ಈಗ ಸ್ವಲ್ಪ ಲೆಕ್ಕ. ದಿನಕ್ಕೆ 120 ರೂಪಾಯಿ ಅಂತ ಇಟ್ಟುಕೊಳ್ಳಿ. ಕಡಿಮೆಯೇ ಹೇಳುತ್ತಿದ್ದೇನೆ, ಜೊತೆಗೆ ಬೇಯಿಸಿದ ಮೊಟ್ಟೆ, ಖಾರ, ಬೀಡಿ ಸಿಗರೇಟು ಸೇರಿಸಿಲ್ಲ. ವರ್ಷಕ್ಕೆ 43,800 ರೂಪಾಯಿ. 2025–26ಕ್ಕೆ ಕೇಂದ್ರ ಸರ್ಕಾರ ರಾಗಿಗೆ ಕಟ್ಟಿದ ಬೆಂಬಲ ಬೆಲೆ ಕ್ವಿಂಟಾಲಿಗೆ 4,886 ರೂಪಾಯಿ. ಅಂದರೆ ಹತ್ತಿರ ಹತ್ತಿರ 9 ಕ್ವಿಂಟಾಲ್ ರಾಗಿ. ನಮ್ಮ ಖುಷ್ಕಿ ಭೂಮಿಯಲ್ಲಿ ಒಂದೆಕರೆಗೆ ಅಷ್ಟು ಬಂದರೆ ಪುಣ್ಯ. ಒಂದೆಕರೆ ಉತ್ತು, ಬಿತ್ತಿ, ಕಳೆ ತೆಗೆದು, ಕುಯ್ದು, ಒಕ್ಕಿ, ಬಾಟಲಿಗೆ ಸುರಿದಂತೆ ಆಯಿತು. ಬೆಂಬಲ ಬೆಲೆಗೆ 100 ರೂಪಾಯಿ ಹೆಚ್ಚಿಗೆ ಕೊಡಿ ಅಂತ ಬಿಸಿಲಲ್ಲಿ ರಸ್ತೆ ತಡೆ ಮಾಡುತ್ತೇವೆ, ಸಂಜೆ ಅದೇ ರಸ್ತೆಯ ಪಕ್ಕದ ವೈನ್ ಸ್ಟೋರಿನಲ್ಲಿ 120 ಕೊಟ್ಟು ಬರುತ್ತೇವೆ. ಸರ್ಕಾರಕ್ಕೆ ಇದಕ್ಕಿಂತ ಒಳ್ಳೆ ಚಳವಳಿ ಬೇಕಾ?

ಯಾಕೆಂದರೆ ಆ ದುಡ್ಡು ಹೋಗುವುದೂ ಅಲ್ಲಿಗೇ. 2025–26ರ ಬಜೆಟ್ಟಿನಲ್ಲಿ ರಾಜ್ಯ ಸರ್ಕಾರ ಅಬಕಾರಿಯಿಂದ 40,000 ಕೋಟಿ ರೂಪಾಯಿ ವಸೂಲಿ ಮಾಡುವ ಗುರಿ ಇಟ್ಟುಕೊಂಡಿತು. ನಿಮಗೆ ಕೊಡುವುದಕ್ಕೆ ಹೊರಟಾಗ ಖಜಾನೆ ಖಾಲಿ ಅನ್ನುವವರು ನಿಮ್ಮಿಂದ ಕಿತ್ತುಕೊಳ್ಳುವುದಕ್ಕೆ ಮಾತ್ರ ಗುರಿ ಇಡುತ್ತಾರೆ. ಪಾನನಿಷೇಧಕ್ಕೆ ಸರ್ಕಾರ ಪ್ರಯತ್ನ ಮಾಡಬೇಕು ಅಂತ ಸಂವಿಧಾನದ 47ನೇ ವಿಧಿ ಹೇಳುತ್ತದೆ. ಸರ್ಕಾರದ ಕಂಪನಿ ಎಂಎಸ್‌ಐಎಲ್ ತಾನೇ ಅಂಗಡಿ ತೆರೆದು ಬಾಟಲಿ ಮಾರುತ್ತದೆ.

ಮಂಡಿಯಲ್ಲೂ ಇದೇ ಕಥೆ. ಹರಾಜಿನ ಹಿಂದಿನ ರಾತ್ರಿ ದಲ್ಲಾಳಿ "ಬನ್ನಿ ಗೌಡ್ರೆ, ದಣಿದಿದೀರಿ" ಅಂತ ಕರೆದುಕೊಂಡು ಹೋಗಿ ಕುಡಿಸುತ್ತಾನಲ್ಲ, ಅದು ಪ್ರೀತಿಯಲ್ಲ ಸ್ವಾಮಿ. ಬೆಳಗ್ಗೆ ತೂಕದ ಹತ್ತಿರ ನಿಂತು ಜಗಳ ಆಡುವ ನಾಲಿಗೆಯನ್ನು ರಾತ್ರಿಯೇ ಕಟ್ಟಿಹಾಕುವ ಹಗ್ಗ ಅದು. ಚುನಾವಣೆಯಲ್ಲಿ ಬರುವ ಬಾಟಲಿಯೂ ಅದೇ ಹಗ್ಗ.

ಹಾಗಾದರೆ ಸರ್ಕಾರ ಕಾನೂನು ಮಾಡಿ ಮುಚ್ಚಿಸಿಬಿಡಲಿ ಅಂತೀರಿ. ಅದಕ್ಕೂ ಹೋರಾಟ ಆಗಿದೆ, ಹೆಚ್ಚಾಗಿ ಮಾಡಿದವರು ಹೆಂಗಸರೇ. 1939ರಲ್ಲಿ ಚಿತ್ರದುರ್ಗ ಸೀಮೆಯ ತುರುವನೂರಿನಲ್ಲಿ ಎಸ್. ನಿಜಲಿಂಗಪ್ಪನವರ ಮುಂದಾಳತ್ವದಲ್ಲಿ ಈಚಲು ಮರ ಕಡಿದು ಸತ್ಯಾಗ್ರಹ ನಡೆಯಿತು. 1992ರಲ್ಲಿ ಆಂಧ್ರದ ನೆಲ್ಲೂರು ಜಿಲ್ಲೆಯ ದೂಬಗುಂಟ ಅನ್ನುವ ಹಳ್ಳಿಯ ಹೆಂಗಸರು ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿಯುತ್ತಾ ಕಲಿಯುತ್ತಾ ಸಾರಾಯಿ ಅಂಗಡಿ ಮುಚ್ಚಿಸಿದರು. ಆ ಕಿಚ್ಚು ರಾಜ್ಯಕ್ಕೆಲ್ಲ ಹಬ್ಬಿ 1993ರಲ್ಲಿ ಅಲ್ಲಿ ಸಾರಾಯಿ ನಿಂತಿತು, 1995ರಲ್ಲಿ ಪೂರ್ತಿ ಪಾನನಿಷೇಧ ಬಂತು. ಎರಡೇ ವರ್ಷ. 1997ರಲ್ಲಿ ಖಜಾನೆಯ ನೆಪ ಹೇಳಿ ನಿಷೇಧ ತೆಗೆದರು. ನಮ್ಮ ರಾಜ್ಯದಲ್ಲಿ 2007ರ ಜುಲೈ 1ರಿಂದ ಸಾರಾಯಿ ಬಂದ್ ಆಯಿತು. ಮರು ವರ್ಷವೇ, 2008ರ ಮೇ ತಿಂಗಳಲ್ಲಿ, ಬೆಂಗಳೂರು, ಕೋಲಾರ ಸೀಮೆಯಲ್ಲೂ ಪಕ್ಕದ ತಮಿಳುನಾಡಿನಲ್ಲೂ ಕಳ್ಳಭಟ್ಟಿ ಕುಡಿದು ನೂರೈವತ್ತಕ್ಕೂ ಹೆಚ್ಚು ಜನ ಸತ್ತರು. ಸಾರಾಯಿ ಪಾಕೀಟು ಹೋದ ಜಾಗಕ್ಕೆ ಅಗ್ಗದ ವಿಸ್ಕಿ ಪಾಕೀಟು ಬಂತು. 2019ರ ಜನವರಿಯಲ್ಲಿ ಸಾವಿರಾರು ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿಗೆ 200 ಕಿಲೋಮೀಟರ್ ನಡೆದು ಬಂದು ಪಾನನಿಷೇಧ ಕೇಳಿದರು. ಅಂಗಡಿಗಳು ಇನ್ನೂ ತೆರೆದೇ ಇವೆ.

ಈ ಹೋರಾಟಗಳನ್ನು ಹೀಗಳೆಯುವುದಕ್ಕೆ ಹೇಳಲಿಲ್ಲ. ಆ ತಾಯಂದಿರ ಕಾಲಿನ ಬೊಬ್ಬೆಗೆ ನಾವು ಕೈ ಮುಗಿಯಬೇಕು. ನಾನು ಹೇಳುವುದು ಇಷ್ಟು: ಕಾನೂನು ಅಂಗಡಿ ಮುಚ್ಚಬಹುದು, ಆದರೆ ಸಂಜೆ ಏಳರಿಂದ ಒಂಬತ್ತರವರೆಗಿನ ಹೊತ್ತು ತುಂಬುವುದಿಲ್ಲ. ಅದನ್ನು ತುಂಬಬೇಕಾದವರು ನಾವು.

ಕುಡಿತ ಬಿಟ್ಟವನನ್ನು ಹತ್ತಿರದಿಂದ ನೋಡಿದ್ದೀರಾ? ಬಿಡುವುದು ಸುಲಭ, ದಿನಾ ಬಿಡುತ್ತಾರೆ. ಅಮಾವಾಸ್ಯೆಗೆ ಮಾಲೆ ಹಾಕಿ, ದೇವರ ಮುಂದೆ ಕರ್ಪೂರ ಹಚ್ಚಿ ಆಣೆ ಮಾಡಿ ಬಿಡುತ್ತಾರೆ. ಕಷ್ಟ ಇರುವುದು ಮಾರನೇ ದಿನದ ಸಂಜೆಯಲ್ಲಿ. ಗದ್ದೆಯಿಂದ ಬಂದ, ದನಕ್ಕೆ ಹುಲ್ಲು ಹಾಕಿದ, ಕೈಕಾಲು ತೊಳೆದ. ಆಮೇಲೆ? ಹಳೇ ಜೊತೆಯವರೆಲ್ಲ ಅಲ್ಲಿದ್ದಾರೆ. ಮನೆಯಲ್ಲಿ ಕೂತರೆ ಹೆಂಡತಿ ಮಕ್ಕಳಿಗೆ ಇನ್ನೂ ನಂಬಿಕೆ ಬಂದಿಲ್ಲ, ಮೂಸಿ ನೋಡುತ್ತಾರೆ. ಅರಳಿಕಟ್ಟೆಗೆ ಹೋದರೆ "ಏನ್ಲಾ, ಸನ್ಯಾಸಿ ಆಗ್ಬುಟ್ಯಾ" ಅಂತ ನಗುತ್ತಾರೆ. ಕುಡಿಯುವಾಗ ನಾಲ್ಕು ಜನ ಜೊತೆಗಾರರಿದ್ದರು, ಬಿಟ್ಟ ಮೇಲೆ ಒಬ್ಬನೂ ಇಲ್ಲ.

ಕುಡಿತ ಅವನಿಗೆ ಏನು ಕೊಡುತ್ತಿತ್ತು ಅನ್ನುವುದನ್ನು ಪ್ರಾಮಾಣಿಕವಾಗಿ ಒಪ್ಪಬೇಕು. ಮೈ ನೋವು ಮರೆಸುತ್ತಿತ್ತು. ಸಿಟ್ಟನ್ನು ಬಾಯಿಬಿಟ್ಟು ಹೇಳುವ ಧೈರ್ಯ ಕೊಡುತ್ತಿತ್ತು. ಒಂದಷ್ಟು ನಗು, ಒಂದಷ್ಟು ಹರಟೆ ಕೊಡುತ್ತಿತ್ತು. ಸುಳ್ಳೋ ನಿಜವೋ, ಕೊಡುತ್ತಿತ್ತು. ಅದನ್ನು ಕಿತ್ತುಕೊಂಡು ಆ ಜಾಗಕ್ಕೆ ಬರೀ ಬುದ್ಧಿವಾದ ಇಟ್ಟರೆ ಮನುಷ್ಯ ಎಷ್ಟು ದಿನ ತಡೆದಾನು?

ಇದನ್ನು ಚೆನ್ನಾಗಿ ತಿಳಿದವರು ಕುಡುಕರೇ. 1935ರಲ್ಲಿ ಅಮೆರಿಕದ ಅಕ್ರಾನ್ ಅನ್ನುವ ಊರಿಗೆ ಷೇರು ವ್ಯಾಪಾರದ ಒಬ್ಬ ಮನುಷ್ಯ ಬಂದಿದ್ದ. ಮಹಾ ಕುಡುಕ, ಬಿಟ್ಟು ಕೆಲವೇ ತಿಂಗಳಾಗಿತ್ತು. ಬಂದ ವ್ಯವಹಾರ ಕೆಟ್ಟಿತು. ಹೋಟೆಲಿನಲ್ಲಿ ಒಬ್ಬನೇ ನಿಂತಿದ್ದಾನೆ, ಒಂದು ಕಡೆ ಬಾರಿನ ನಗು ಕೇಳುತ್ತಿದೆ. ಇನ್ನೇನು ಕಾಲು ಆ ಕಡೆ ಹೋಗಬೇಕು, ಆಗ ಅವನು ಫೋನಿನ ಹತ್ತಿರ ಹೋದ. ಈ ಊರಿನಲ್ಲಿ ಕುಡಿತದಿಂದ ಕಷ್ಟಪಡುತ್ತಿರುವ ಇನ್ನೊಬ್ಬ ಯಾರಾದರೂ ಇದ್ದಾರಾ, ನಾನು ಅವರ ಜೊತೆ ಮಾತಾಡಬೇಕು ಅಂತ ಪಾದ್ರಿಗಳಿಗೆ ಫೋನು ಮಾಡಿದ. ಸಿಕ್ಕಿದವನು ಒಬ್ಬ ಸರ್ಜನ್, ಅವನೂ ಕುಡುಕ. ಇಬ್ಬರೂ ಗಂಟೆಗಟ್ಟಲೆ ಮಾತಾಡಿದರು. ಆ ಇಬ್ಬರಿಂದ ಹುಟ್ಟಿದ್ದು ಆಲ್ಕೊಹಾಲಿಕ್ಸ್ ಅನಾನಿಮಸ್ ಅನ್ನುವ ಕೂಟ, ಎಎ ಅಂತಾರೆ. ಇವತ್ತು ಅದು ದೇಶದೇಶಗಳಲ್ಲಿದೆ, ನಮ್ಮ ರಾಜ್ಯದಲ್ಲೂ ಇದೆ. ಅಲ್ಲಿ ಶುಲ್ಕವಿಲ್ಲ, ಭಾಷಣವಿಲ್ಲ, ಹೇಳಿದ್ದು ಹೊರಗೆ ಹೋಗುವುದಿಲ್ಲ. ಜೀವಮಾನವಿಡೀ ಬಿಡುತ್ತೇನೆ ಅಂತ ಆಣೆಯಿಲ್ಲ. ಇವತ್ತೊಂದು ದಿನ ಮುಟ್ಟುವುದಿಲ್ಲ, ಅಷ್ಟೇ. ನಾಳೆಯದು ನಾಳೆಗೆ.

ಅವರು ಇನ್ನೊಂದು ಸೂತ್ರ ಹೇಳುತ್ತಾರೆ, ಇದು ರೈತನಿಗೆಂದೇ ಹೇಳಿದ ಹಾಗಿದೆ. ಆಸೆ ಕೆರಳುವುದು ನಾಲ್ಕು ಹೊತ್ತಿನಲ್ಲಿ: ಹಸಿದಾಗ, ಸಿಟ್ಟು ಬಂದಾಗ, ಒಂಟಿಯಾದಾಗ, ದಣಿದಾಗ. ನಮಗೆ ಸಂಜೆ ಏಳಕ್ಕೆ ನಾಲ್ಕೂ ಒಟ್ಟಿಗೇ ಬರುತ್ತವೆ! ಅದಕ್ಕೇ ಹೇಳುತ್ತೇನೆ, ಬಿಟ್ಟವನು ಸಂಜೆ ಆರೂವರೆಗೇ ಹೊಟ್ಟೆ ತುಂಬ ಉಣ್ಣಲಿ. ಬಿಸಿ ಮುದ್ದೆ, ಬಸ್ಸಾರು ಉಂಡ ಹೊಟ್ಟೆಗೆ ಬಾಟಲಿ ನೆನಪು ಅರ್ಧ ಕಡಿಮೆ. ಜೇಬಿನಲ್ಲಿ ಒಂದು ಅಚ್ಚು ಬೆಲ್ಲ, ನಾಲ್ಕು ಕಡ್ಲೆಕಾಯಿ ಇರಲಿ. ಆಸೆ ಎದ್ದರೆ ಅದು ಹೆಚ್ಚು ಹೊತ್ತು ನಿಲ್ಲುವುದಿಲ್ಲ, ಕಾಲು ಗಂಟೆ, ಅರ್ಧ ಗಂಟೆ. ಅಷ್ಟು ಹೊತ್ತು ಯಾರ ಜೊತೆಗಾದರೂ ಮಾತಾಡುತ್ತಿದ್ದರೆ ಇಳಿಯುತ್ತದೆ.

ಇಲ್ಲಿ ಒಂದು ಎಚ್ಚರಿಕೆ, ದಯವಿಟ್ಟು ಮನಸ್ಸಿಟ್ಟು ಕೇಳಿ. ಬೆಳಗ್ಗೆ ಎದ್ದ ಕೂಡಲೇ ಕೈ ನಡುಗಿ, ಕುಡಿದರೆ ಮಾತ್ರ ನಿಲ್ಲುವ ಮಟ್ಟಕ್ಕೆ ಹೋಗಿರುವವನು ಮನೆಯಲ್ಲಿ ಒಂದೇ ಏಟಿಗೆ ಬಿಡಬಾರದು. ಎರಡು ಮೂರು ದಿನದೊಳಗೆ ಫಿಟ್ಸ್ ಬರಬಹುದು, ಇಲ್ಲದ್ದು ಕಾಣಿಸಿ ಕಿರುಚಬಹುದು. ಜನ ಗಾಳಿ ಸೋಕಿದೆ ಅಂತ ಮಂತ್ರವಾದಿ ಹತ್ತಿರ ಕರೆದುಕೊಂಡು ಹೋಗುತ್ತಾರೆ, ಅಷ್ಟರಲ್ಲಿ ಪ್ರಾಣ ಹೋಗಬಹುದು. ಅಂಥವನನ್ನು ಆಸ್ಪತ್ರೆಗೆ ಸೇರಿಸಿಯೇ ಬಿಡಿಸಬೇಕು. ಜಿಲ್ಲಾ ಆಸ್ಪತ್ರೆಯಲ್ಲಿ ಮಾನಸಿಕ ಆರೋಗ್ಯದ ವೈದ್ಯರು ನೋಡುತ್ತಾರೆ, ಬೆಂಗಳೂರಿನ ನಿಮ್ಹಾನ್ಸಿನಲ್ಲಿ ಇದಕ್ಕೇ ಪ್ರತ್ಯೇಕ ವಿಭಾಗ ಇದೆ. 14446 ಅನ್ನುವ ನಂಬರಿಗೆ ದುಡ್ಡಿಲ್ಲದೆ ಫೋನು ಮಾಡಿ ವ್ಯಸನದ ಬಗ್ಗೆ ಕೇಳಬಹುದು. ಬದುಕೇ ಬೇಡ ಅನ್ನಿಸಿದವರು 14416ಕ್ಕೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಇನ್ನು ತಾಯಂದಿರೇ, "ಗೊತ್ತಾಗದಂತೆ ಕಾಫಿಯಲ್ಲಿ ಬೆರೆಸಿ, ಕುಡಿತ ಬಿಡಿಸಿ" ಅಂತ ಮಾರುವ ಪುಡಿ, ಮಾತ್ರೆ ತರಬೇಡಿ. ಕೆಲವು ಮಾತ್ರೆ ಹೊಟ್ಟೆಯಲ್ಲಿರುವಾಗ ಅವನು ಕುಡಿದರೆ ಜೀವಕ್ಕೇ ಅಪಾಯ. ಔಷಧಿ ಅವನಿಗೆ ಗೊತ್ತಿದ್ದು, ವೈದ್ಯರು ಹೇಳಿದ್ದು ಆಗಬೇಕು.

ಈಗ ಸಂತೋಷದ ಮಾತು. ಕುಡಿಯದೆ ಇರುವುದು ಅಂದರೆ ಹಲ್ಲು ಕಚ್ಚಿಕೊಂಡು ಬದುಕುವುದು ಅಂತ ಬಹಳ ಜನ ತಿಳಿದಿದ್ದಾರೆ. ಹಾಗೆ ಬದುಕಿದರೆ ಉಳಿಯುವುದೂ ಇಲ್ಲ. ನಮ್ಮೂರಿನ ವಿಷಯ ಹೇಳುತ್ತೇನೆ. ಮೂರು ವರ್ಷದ ಹಿಂದೆ ನಾಲ್ಕು ಜನ ಒಟ್ಟಿಗೆ ಬಿಟ್ಟರು. ಒಬ್ಬ ಧರ್ಮಸ್ಥಳದವರ ಮದ್ಯವರ್ಜನ ಶಿಬಿರಕ್ಕೆ ಹೋಗಿ ಬಂದ, ಒಬ್ಬನನ್ನು ಆಸ್ಪತ್ರೆಗೆ ಸೇರಿಸಿದೆವು, ಇಬ್ಬರು ಇವರನ್ನು ನೋಡಿ ಬಿಟ್ಟರು. ಸಂಜೆ ಏನು ಮಾಡುವುದು? ಒಬ್ಬರು ಹೇಳಿದರು, ಕುರುಕ್ಷೇತ್ರ ನಾಟಕ ಆಡಿ ಹದಿನೆಂಟು ವರ್ಷ ಆಯ್ತಲ್ಲ ಅಂತ. ಹಾರ್ಮೋನಿಯಂ ಮೇಷ್ಟ್ರನ್ನು ಗೊತ್ತು ಮಾಡಿದೆವು. ಹಳೇ ಸೊಸೈಟಿ ಗೋಡೌನಿನಲ್ಲಿ ದಿನಾ ಏಳರಿಂದ ತಾಲೀಮು. ಮಾತು ಬಾಯಿಪಾಠ ಆಗಬೇಕು, ರಾಗ ಹತ್ತಬೇಕು, ಕುಡಿದು ಬಂದವನಿಗೆ ಶ್ರುತಿ ನಿಲ್ಲುವುದಿಲ್ಲ. ದುರ್ಯೋಧನನ ಪಾತ್ರ ಹಾಕಿದವನು ಈ ನಾಲ್ವರಲ್ಲಿ ಒಬ್ಬ. ಅವನ ಗಂಟಲಿನಲ್ಲಿ ಅಂಥ ಕಂಠ ಇತ್ತು ಅಂತ ಅವನ ಮಗನಿಗೇ ಗೊತ್ತಿರಲಿಲ್ಲ. ನಾಟಕದ ರಾತ್ರಿ ಆ ಹುಡುಗ ಮುಂದಿನ ಸಾಲಿನಲ್ಲಿ ಕೂತು ಶಿಳ್ಳೆ ಹೊಡೆದದ್ದು ನೋಡಬೇಕಿತ್ತು.

ನಾಟಕವೇ ಆಗಬೇಕು ಅಂತಿಲ್ಲ. ಭಜನೆ ಇರಬಹುದು, ಕೋಲಾಟ ಇರಬಹುದು, ವಾಲಿಬಾಲ್ ಇರಬಹುದು, ಪಂಚಾಯಿತಿ ವಾಚನಾಲಯದಲ್ಲಿ ಕೂತು ಪೇಪರು ಓದಿ ರಾಜಕೀಯದ ಜಗಳ ಆಡುವುದೂ ಆಗಬಹುದು. ದೇವರು ಬೇಕಾದವರಿಗೆ ದೇವರು, ಬೇಡವಾದವರಿಗೆ ಚೌಕಾಬಾರ. ಮುಯ್ಯಾಳು ಪದ್ಧತಿ ನೆನಪಿದೆಯಲ್ಲ, ಇವತ್ತು ನಿನ್ನ ಹೊಲ, ನಾಳೆ ನನ್ನ ಹೊಲ. ಅದನ್ನು ಸಂಜೆಗೂ ತನ್ನಿ. ಇವತ್ತು ನಿನ್ನ ಜಗಲಿಯಲ್ಲಿ ಕಾಫಿ, ನಾಳೆ ನನ್ನ ಜಗಲಿಯಲ್ಲಿ. ನಾಲ್ಕು ಜನ ಸೇರುವ ನೆಪ ಬೇಕು, ಬಾಟಲಿ ಇಲ್ಲದ ನೆಪ.

ಒಂದು ಮಾತ್ರ ಗೊತ್ತಿರಲಿ. ಮೊದಲ ಎರಡು ಮೂರು ತಿಂಗಳು ಏನೂ ರುಚಿಸುವುದಿಲ್ಲ. ನಿದ್ದೆ ಸರಿಯಾಗಿ ಬರುವುದಿಲ್ಲ, ಸಣ್ಣದಕ್ಕೂ ರೇಗುತ್ತದೆ, ಹಬ್ಬವೂ ಸಪ್ಪೆ ಅನ್ನಿಸುತ್ತದೆ. ಅದು ಅವನ ಹಣೆಬರಹ ಅಲ್ಲ, ಮೈ ತನ್ನ ಹದಕ್ಕೆ ಬರುವ ಕಾಲ. ಬರಗೆಟ್ಟ ನೆಲಕ್ಕೆ ಮೊದಲ ಮಳೆ ಬಿದ್ದ ಕೂಡಲೇ ಪೈರು ಏಳುತ್ತದಾ? ಆಮೇಲೆ ಒಂದೊಂದೇ ವಾಪಸ್ ಬರುತ್ತದೆ. ಬೆಳಗಿನ ಜಾವ ತಲೆಭಾರ ಇಲ್ಲದೆ ಎದ್ದು ಡೇರಿಗೆ ಹಾಲು ಹಾಕುವುದು, ಹುಳ್ಳಿಕಾಳಿನ ಸಾರಿನ ಘಮಲು, ಮೊಮ್ಮಗು ಹೆದರದೆ ತೊಡೆ ಮೇಲೆ ಬಂದು ಕೂರುವುದು, ಹಿಂದಿನ ರಾತ್ರಿ ಏನು ಮಾತಾಡಿದೆ ಅನ್ನುವುದು ಬೆಳಗ್ಗೆ ನೆನಪಿರುವುದು. ನಮ್ಮೂರ ನಾಲ್ವರನ್ನು ಕೇಳಿದರೆ ಕೊನೆಯದೇ ದೊಡ್ಡ ಸುಖ ಅಂತಾರೆ. ಯಾರ ಮುಖ ನೋಡುವುದಕ್ಕೂ ನಾಚಿಕೆಯಿಲ್ಲ.

ಆ ನಾಲ್ವರಲ್ಲಿ ಒಬ್ಬ ಹತ್ತು ತಿಂಗಳಾದ ಮೇಲೆ ಒಂದು ತಿಥಿ ಊಟದಲ್ಲಿ ಮತ್ತೆ ಕುಡಿದ. ಕುಡಿಸಿದವರು ಹತ್ತಿರದ ನೆಂಟರೇ. "ಒಂದು ಗುಟುಕಿಗೆ ಏನಾಗ್ತದೆ, ಸತ್ತವರಿಗೆ ಮರ್ಯಾದೆ ಕೊಡು" ಅಂದರು. ವಾರ ಎಲ್ಲ ಮನೆ ಸೇರಲಿಲ್ಲ. ಉಳಿದ ಮೂವರು ಹೋಗಿ ಕರೆದುಕೊಂಡು ಬಂದರು. ಬೈಯಲಿಲ್ಲ, ಹಂಗಿಸಲಿಲ್ಲ. "ಹತ್ತು ತಿಂಗಳು ಬಿಟ್ಟಿದ್ದೆಯಲ್ಲ, ಅದು ಎಲ್ಲೂ ಹೋಗಿಲ್ಲ, ಇವತ್ತಿಂದ ಸೇರಿಸ್ಕೊ" ಅಂದರು. ಈಗ ಅವನು ನೆಟ್ಟಗಿದ್ದಾನೆ. ಮೂವರು ಇಲ್ಲದಿದ್ದರೆ ಅವನು ಇರುತ್ತಿರಲಿಲ್ಲ ಅಂತ ಅವನ ಹೆಂಡತಿಯೇ ಹೇಳುತ್ತಾಳೆ.

ಈಗ ಜಮೀನಿರುವ ನಮಗೆ ಸ್ವಲ್ಪ ಕಹಿಯಾದ ಮಾತು. ಕುಯಿಲಿನ ಕಾಲದಲ್ಲಿ ಆಳು ಸಿಗುವುದಿಲ್ಲ ಅಂತ ಕೂಲಿಯ ಜೊತೆ ಕ್ವಾರ್ಟರ್ ಬಾಟಲಿ ಕೊಡುವವರು ಯಾರು? ಸರ್ಕಾರ ಅಲ್ಲ, ನಾವೇ. ಸರ್ಕಾರ ನಮಗೆ ಮಾಡುವುದನ್ನು ನಾವು ಕೂಲಿಯವರಿಗೆ ಮಾಡಿದ ಹಾಗಾಯಿತು: ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಳ್ಳುವುದು. ಬಾಟಲಿಯ ದುಡ್ಡನ್ನು ಕೂಲಿಗೇ ಸೇರಿಸಿ ಕೊಡಿ, ಅವರ ಮನೆಗೆ ಅಕ್ಕಿ ಬೇಳೆ ಆಗುತ್ತದೆ. ನ್ಯಾಯವಾದ ಬೆಲೆ ಕೇಳುವವನು ನ್ಯಾಯವಾದ ಕೂಲಿ ಕೊಡಬೇಕು, ಇದರಲ್ಲಿ ಎರಡು ಮಾತಿಲ್ಲ.

ಹೆಣ್ಣುಮಕ್ಕಳಿಗೂ ಒಂದು ಮಾತು. ಗಂಡ ಕುಡಿಯುವುದು ನಿಮ್ಮ ತಪ್ಪಿನಿಂದ ಅಲ್ಲ. ಅವನನ್ನು ಬಿಡಿಸುವ ಹೊಣೆಯೂ ನಿಮ್ಮೊಬ್ಬರ ತಲೆ ಮೇಲಿಲ್ಲ. ಹೊಡೆತ ತಿಂದು ಮುಚ್ಚಿಟ್ಟುಕೊಳ್ಳಬೇಡಿ, ಸ್ತ್ರೀಶಕ್ತಿ ಸಂಘದಲ್ಲಿ ಹೇಳಿ, ನಮ್ಮಲ್ಲಿ ಬಂದು ಹೇಳಿ. ಡೇರಿಯ ಹಾಲಿನ ಬಟವಾಡೆ ನಿಮ್ಮ ಖಾತೆಗೇ ಬರುವಂತೆ ಮಾಡಿಕೊಳ್ಳಿ. ಮೊದಲ ವರ್ಷ ಅವನ ಕೈಯಲ್ಲಿ ಹೆಚ್ಚು ದುಡ್ಡು ಇಲ್ಲದಿರುವುದು ಅವನಿಗೂ ಒಳ್ಳೆಯದು, ಬಿಟ್ಟವರೇ ಹಾಗೆ ಕೇಳುತ್ತಾರೆ.

ಕೊನೆಗೆ, ಪ್ರತಿ ಊರಿನ ಸಂಘವೂ ನಾಲ್ಕು ತೀರ್ಮಾನ ಮಾಡಿಕೊಳ್ಳಲಿ ಅಂತ ಈ ಸಭೆಯ ಮುಂದೆ ಇಡುತ್ತೇನೆ. ಒಂದು, ಸಂಘದ ಸಭೆಗೆ, ಧರಣಿಗೆ, ಬೆಂಗಳೂರಿಗೆ ಹೋಗುವ ಲಾರಿಗೆ ಬಾಟಲಿ ಹತ್ತಬಾರದು. ಎರಡು, ನಮ್ಮ ಮದುವೆ, ತಿಥಿ, ಹಬ್ಬದ ಬಾಡೂಟದಲ್ಲಿ ಬಿಟ್ಟವನಿಗೆ ಬಲವಂತ ಮಾಡುವವನನ್ನು ಅಲ್ಲೇ ತಡೆಯಬೇಕು. ಮೂರು, ಕೂಲಿಯನ್ನು ದುಡ್ಡಿನಲ್ಲೇ ಕೊಡಬೇಕು. ನಾಲ್ಕು, ಊರಿನಲ್ಲಿ ಯಾರಾದರೂ ಕುಡಿತ ಬಿಟ್ಟರೆ ಸಂಘದ ಇಬ್ಬರು ಮೊದಲ ತೊಂಬತ್ತು ದಿನ ಸಂಜೆ ಅವನ ಮನೆ ಕಡೆ ಹೋಗಬೇಕು. ಉಪದೇಶ ಮಾಡುವುದಕ್ಕಲ್ಲ, ಕಾಫಿ ಕುಡಿಯುವುದಕ್ಕೆ. ಹಾಗೆಯೇ ಚಿಲ್ಲರೆ ಅಂಗಡಿಯಲ್ಲಿ ಕದ್ದು ಮಾರುವುದರ ವಿರುದ್ಧದ ಹೋರಾಟವೂ, ಬೆಲೆಯ ಹೋರಾಟವೂ ನಡೆಯುತ್ತಲೇ ಇರಲಿ.

ಜಪ್ತಿಗೆ ಬಂದ ಬ್ಯಾಂಕಿನವರನ್ನು ತಡೆಯುವುದಕ್ಕೆ ಇಡೀ ಊರು ಬಾಗಿಲಿಗೆ ಬಂದು ನಿಲ್ಲುತ್ತೇವೆ. ಸಂಜೆ ಏಳು ಗಂಟೆಗೆ ಒಬ್ಬ ರೈತನ ಬಾಗಿಲಿಗೆ ಇಬ್ಬರು ಹೋಗುವುದು ಅದಕ್ಕಿಂತ ಕಷ್ಟವೇನಲ್ಲ. ಮುಂದಿನ ತಿಂಗಳ ಸಭೆಗೆ ಬರುವಾಗ ನಿಮ್ಮ ಊರಿನಲ್ಲಿ ಯಾರ ಮನೆಗೆ ಹೋಗಿದ್ದಿರಿ ಅನ್ನುವುದನ್ನು ನೀವು ಹೇಳಬೇಕು, ನಾನು ಕೇಳಬೇಕು.

ಇಷ್ಟು ಹೊತ್ತು ಹಸಿದು ಕೂತು ಕೇಳಿದ್ದೀರಿ. ಊಟ ಆರಿಹೋಗುತ್ತದೆ, ಏಳಿ. ರೈತ ಚಳವಳಿಗೆ ಜಯವಾಗಲಿ.